ಸಿನ್ಯೂಕ್ಲಿಯಿನ್‌ಗೆ ಅಮೈಲಿನ್ ಹೆಪ್ಪು ಹಾಕಿದ್ದು: ನನ್ನ ಅನುಭವ

ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ-ಸಿನ್ಯೂಕ್ಲಿಯಿನ್ ಎಂಬ ಪ್ರೋಟೀನು, ಮಧುಮೇಹದಲ್ಲಿ ಅಮೈಲಿನ್ ಎಂಬ ಚಿಕ್ಕ ಪ್ರೋಟೀನು ನಾರುಗಳಾಗಿ ಗಟ್ಟಿಯಾಗುತ್ತವೆ. ನಾರಿಗೆ ಅಂಟಿದಾಗ ಹೊಳೆಯುವ ಥಯೋಫ್ಲೇವಿನ್ ಬಣ್ಣ ಬೆರೆಸಿ ಇದನ್ನು ಪ್ಲೇಟಿನ ಪುಟ್ಟ ಗುಳಿಗಳಲ್ಲಿ ನೋಡುತ್ತೇವೆ, ಹೊಳಪು ಏರುವುದನ್ನು ಯಂತ್ರ ಗೆರೆಯಾಗಿ ಬರೆಯುತ್ತದೆ. ಮಂಗಳೂರಿನ ಕಾಲೇಜೊಂದರ ಎರಡು ಕೋಣೆಯ ಪ್ರಯೋಗಾಲಯದಲ್ಲಿ ಆಲ್ಫಾ-ಸಿನ್ಯೂಕ್ಲಿಯಿನ್ ತಯಾರಿಸಿ, ಅದಕ್ಕೆ ಅಮೈಲಿನ್ ನಾರುಗಳನ್ನು ಬೆರೆಸಿ, ಮೂರು ಗುಳಿಗಳ ಮೂರೂ ಗೆರೆಗಳು ಒಂದರ ಮೇಲೊಂದು ಕೂರುವಂತೆ ಮಾಡಲು ನನಗೆ ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು. ಎಫ್‌ಪಿಎಲ್‌ಸಿ (ಪ್ರೋಟೀನನ್ನು ಪಂಪಿನಿಂದ ಕಾಲಂ ಎಂಬ ಕೊಳವೆಗಳ ಮೂಲಕ ಹಾಯಿಸಿ ಶುದ್ಧ ಮಾಡುವ ದುಬಾರಿ ಯಂತ್ರ) ಇಲ್ಲದೆ ಇದು ಆಗದ ಕೆಲಸ ಎಂದವರು ಕನಿಷ್ಠ ನಾಲ್ವರು. ಅವರಲ್ಲಿ ಒಬ್ಬರು ಅನುದಾನದ ಸಂದರ್ಶನದಲ್ಲಿ ನನ್ನ ಎದುರಿಗೇ, ಕೈಯಲ್ಲಿ ತುಂಬಿದ ಕಾಲಂನಿಂದ ಇಳಿದ ಪ್ರೋಟೀನನ್ನು ಜೆಲ್ (ಪ್ರೋಟೀನುಗಳನ್ನು ಗಾತ್ರದಂತೆ ಪಟ್ಟಿಗಳಾಗಿ ಬೇರ್ಪಡಿಸುವ ಪದರ) ಮೇಲೆ ತೋರಿಸಬಹುದು, ಅದರಿಂದ ಕೈನೆಟಿಕ್ಸ್, ಎಂದರೆ ವೇಗದ ಅಳತೆ, ಮಾಡಲಾಗದು ಎಂದರು. ಆ ಅನುದಾನ ಬರಲಿಲ್ಲ. ಕೆಲಸ ಮಾತ್ರ ಆಯಿತು. ಸತತ ಏಳು ಪ್ಲೇಟುಗಳಲ್ಲಿ, ಎರಡು ಬೇರೆ ಬ್ಯಾಚಿನ ಪ್ರೋಟೀನಿನಿಂದ, ಇಬ್ಬರು ವಿದ್ಯಾರ್ಥಿನಿಯರ ಕೈಯಲ್ಲಿ ಆಯಿತು. ಸಣ್ಣ ಊರುಗಳಲ್ಲಿ ಕುಳಿತು ಇದೇ ಪ್ರೋಟೀನುಗಳೊಂದಿಗೆ ಒದ್ದಾಡುತ್ತಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೂಲ ಪ್ರಯೋಗ ನನ್ನದಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿರುವ ಚಾಲ್ಮರ್ಸ್ ವಿಶ್ವವಿದ್ಯಾಲಯದ ಇಸ್ತ್ವಾನ್ ಹೋರ್ವಾತ್ ಮತ್ತು ಪರ್ನಿಲ್ಲಾ ವಿಟ್ಟುಂಗ್-ಸ್ಟಾಫ್‌ಶೆಡೆ 2016ರಲ್ಲಿ ಪ್ರಕಟಿಸಿದ ಲೇಖನವನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಮಧುಮೇಹದ ಅಮೈಲಿನ್ ನಾರುಗಳು ಪಾರ್ಕಿನ್ಸನ್ ಕಾಯಿಲೆಯ ಸಿನ್ಯೂಕ್ಲಿಯಿನ್ ನಾರಾಗುವುದನ್ನು ಚುರುಕುಗೊಳಿಸುತ್ತವೆ. ತಿರುಗಿಸಿ ನೋಡಿದರೆ ಸಿನ್ಯೂಕ್ಲಿಯಿನ್ ನಾರುಗಳು ಅಮೈಲಿನ್ ನಾರಾಗುವುದನ್ನು ತಡೆಯುತ್ತವೆ. ಒಂಟಿ ಅಣುಗಳಾಗಿಯೇ ಎರಡನ್ನೂ ಬೆರೆಸಿದರೆ ಎರಡೂ ಸೇರಿ ಇನ್ನೂ ಬೇಗ ಗಟ್ಟಿಯಾಗುತ್ತವೆ. ಅಮೈಲಿನ್‌ನ ಇನ್ನೂ ಕತ್ತರಿಸಿಕೊಳ್ಳದ ಪೂರ್ವರೂಪವಾದ ಪ್ರೊ-ಅಮೈಲಿನ್‌ನ ನಡತೆ ಮೊದಲ ಎರಡಕ್ಕೂ ಉಲ್ಟಾ. ಈ ಅಡ್ಡಸಂಬಂಧಗಳ ಜಾಲವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಮನೆ ಮನೆಯಲ್ಲೂ ಸಕ್ಕರೆ ಕಾಯಿಲೆ ಇರುವ ಊರಿನಲ್ಲಿ ಕುಳಿತು ಇದನ್ನು ನನ್ನ ಕೈಯಿಂದ ಮಾಡಿ ನೋಡದೆ ಇರಲಾಗಲಿಲ್ಲ.

ನಮ್ಮಲ್ಲಿ ಇದಕ್ಕೆ ಹೆಪ್ಪು ಹಾಕುವುದು ಎಂದೇ ಹೆಸರು. ಹಾಲಿಗೆ ಒಂದು ಚಮಚ ಮೊಸರು ಬೆರೆಸಿದಂತೆ, ಒಂಟಿ ಅಣುಗಳ ದ್ರಾವಣಕ್ಕೆ ಒಂದಿಷ್ಟು ಸಿದ್ಧ ನಾರು ಬೆರೆಸುವುದು. ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಹಾಗೆ ಬರೆದಳು, ಅದೇ ಉಳಿಯಿತು. ಹೆಪ್ಪು ಹಳಸಿದರೆ ಮೊಸರು ಕೆಡುತ್ತದೆ, ಹಾಲಿನಲ್ಲಿ ಮೊದಲೇ ಹುಳಿ ಇದ್ದರೆ ಹೆಪ್ಪಿನ ಪರೀಕ್ಷೆಯೇ ಸುಳ್ಳಾಗುತ್ತದೆ. ನನ್ನ ಮೂರು ವರ್ಷಗಳಲ್ಲಿ ಎರಡು ವರ್ಷ ಈ ಎರಡು ತಪ್ಪುಗಳಲ್ಲೇ ಕಳೆದವು.

ಮೊದಲು ಹಾಲಿನ ವಿಷಯ. ಸಿನ್ಯೂಕ್ಲಿಯಿನ್ ಮಾಡುವುದು ಕಷ್ಟವಲ್ಲ. ಬಿಎಲ್21 ಎಂಬ ಇ-ಕೋಲೈ ಬ್ಯಾಕ್ಟೀರಿಯಾ ಕೋಶ, ಅದಕ್ಕೆ ಆಹಾರವಾಗಿ ಒಂದು ಲೀಟರ್ ಎಲ್‌ಬಿ, ಪ್ರೋಟೀನ್ ತಯಾರಿಕೆ ಶುರು ಮಾಡಿಸುವ ಐಪಿಟಿಜಿ ಹಾಕಿ ನಾಲ್ಕು ಗಂಟೆ. ಕೋಶ ಒಡೆದ ದ್ರಾವಣವನ್ನು 95 ಡಿಗ್ರಿಯಲ್ಲಿ 20 ನಿಮಿಷ ಕುದಿಸುವ ಹೆಜ್ಜೆ ನನಗೆ ಇಂದಿಗೂ ಅಚ್ಚರಿ ತರುತ್ತದೆ. ಬ್ಯಾಕ್ಟೀರಿಯಾದ ಬಹುತೇಕ ಪ್ರೋಟೀನುಗಳೆಲ್ಲ ಒಡೆದ ಹಾಲಿನಂತೆ ಬೆಳ್ಳಗೆ ಗಡ್ಡೆಕಟ್ಟುತ್ತವೆ. ಮಡಿಕೆಯೇ ಇಲ್ಲದ ಸಿನ್ಯೂಕ್ಲಿಯಿನ್‌ಗೆ ಕಳೆದುಕೊಳ್ಳಲು ಏನೂ ಇಲ್ಲ, ಅದು ತಿಳಿಯಲ್ಲಿ ಉಳಿಯುತ್ತದೆ. ಆಮೇಲೆ ಡಿಎನ್‌ಎ ತೆಗೆಯಲು ಸ್ಟ್ರೆಪ್ಟೋಮೈಸಿನ್ ಸಲ್ಫೇಟ್, ಪ್ರೋಟೀನು ಇಳಿಸಲು ಅಮೋನಿಯಂ ಸಲ್ಫೇಟ್, ಕೊನೆಗೆ ಋಣಾವೇಶದ ಪ್ರೋಟೀನನ್ನು ಹಿಡಿದುಕೊಳ್ಳುವ ಕ್ಯೂ ಸೆಫರೋಸ್ ಮಣಿಗಳ ಕಾಲಂ. ಕಾಲಂ ಎಂದರೆ ಸ್ಟ್ಯಾಂಡಿಗೆ ಕಟ್ಟಿದ ಗಾಜಿನ ಕೊಳವೆ, ಮೇಲೆ ಸಲೈನ್ ಬಾಟಲಿ. ಉಪ್ಪಿನ ಮೆಟ್ಟಿಲುಗಳನ್ನು 50 ಮಿಲಿಮೋಲಾರ್‌ನಂತೆ ಏರಿಸಿದೆ, 250ರಿಂದ 300ರ ನಡುವೆ ಪ್ರೋಟೀನ್ ಇಳಿಯಿತು. ಲೀಟರಿಗೆ 12ರಿಂದ 15 ಮಿಲಿಗ್ರಾಂ. ಗುರುತ್ವವೇ ಪಂಪು, ನಾವೇ ಫ್ರಾಕ್ಷನ್ ಕಲೆಕ್ಟರ್. ಮೊದಲ ಬ್ಯಾಚುಗಳಲ್ಲಿ ಸ್ಟ್ರೆಪ್ಟೋಮೈಸಿನ್ ಕಡಿಮೆ ಹಾಕಿ ಡಿಎನ್‌ಎ ಉಳಿಸಿಕೊಂಡು, 280 ನ್ಯಾನೊಮೀಟರಿನ ಬೆಳಕನ್ನು ಹೀರುವ ಓದನ್ನೇ ನಂಬಿ, ಇದ್ದದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಪ್ರೋಟೀನ್ ಇದೆ ಎಂದುಕೊಂಡಿದ್ದೆ. ಟ್ರಿಪ್ಟೋಫಾನ್ ಇಲ್ಲದ ಪ್ರೋಟೀನು, 280ರಲ್ಲಿ ಅದು ಹೀರುವುದೇ ಕಡಿಮೆ. ಜೊತೆಗೆ ಡಿಎನ್‌ಎ ಹೀರುವ 260ನ್ನೂ ಓದದೆ ಒಂದು ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಡಿ.

ಜೆಲ್ ಮೇಲೆ ಒಂದೇ ಪಟ್ಟಿ, 14 ಕಿಲೋಡಾಲ್ಟನ್ (ಅಣುತೂಕದ ಅಳತೆ) ತೂಗುವ ಪ್ರೋಟೀನು ತನ್ನ ಅಭ್ಯಾಸದಂತೆ 18ರ ಹತ್ತಿರ ಓಡಿ ಕುಳಿತಿತ್ತು. ಎಲ್ಲ ಸರಿ. ಆದರೂ ಪ್ಲೇಟಿನಲ್ಲಿ ಒಂದೇ ಟ್ಯೂಬಿನಿಂದ ಹಾಕಿದ ಮೂರು ಗುಳಿಗಳಲ್ಲಿ ಒಂದರ ಗೆರೆ 9ನೆಯ ಗಂಟೆಗೆ ಏರುತ್ತಿತ್ತು, ಇನ್ನೊಂದು 22ಕ್ಕೆ, ಮೂರನೆಯದು 40 ಗಂಟೆಯಾದರೂ ನೆಲಕ್ಕೆ ಅಂಟಿಕೊಂಡೇ ಇರುತ್ತಿತ್ತು. ಆರು ತಿಂಗಳು ಹೀಗೆಯೇ ನಡೆಯಿತು. ನಾನು ಪಿಪೆಟ್ಟನ್ನು ದೂರಿದೆ, ನೀರನ್ನು ದೂರಿದೆ, ಒಮ್ಮೆ ಕೋಪದಲ್ಲಿ ವಿದ್ಯಾರ್ಥಿನಿಯನ್ನೂ ದೂರಿದೆ. ಅವಳ ತಪ್ಪಾಗಿರಲಿಲ್ಲ. ಆ ಮಾತು ಆಡಬಾರದಿತ್ತು.

ತಪ್ಪು ಮೂರು ಕಡೆ ಅಡಗಿತ್ತು. ಒಂದು, ಪ್ಲಾಸ್ಮಿಡ್, ಎಂದರೆ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾಗೆ ಒಯ್ಯುವ ಡಿಎನ್‌ಎ ಉಂಗುರ. ಹಳೆಯ ಸ್ನೇಹಿತನ ಪ್ರಯೋಗಾಲಯದಿಂದ ತಂದ ಪ್ಲಾಸ್ಮಿಡ್ಡಿನಲ್ಲಿ 136ನೆಯ ಅಮೈನೋ ಆಮ್ಲವಾದ ಟೈರೋಸಿನ್‌ಗೆ ಟಿಎಸಿ ಎಂಬ ಮೂರಕ್ಷರದ ಡಿಎನ್‌ಎ ಸಂಕೇತ (ಕೋಡಾನ್) ಇತ್ತು. ಆ ಜಾಗದಲ್ಲಿ ಇ-ಕೋಲೈ ಆಗಾಗ ತಪ್ಪಿ ಸಿಸ್ಟೀನ್ ಸೇರಿಸುತ್ತದೆ ಎಂಬುದು 2006ರಲ್ಲೇ ಪ್ರಕಟವಾದ ಸಂಗತಿ. ನಾನು ಓದಿರಲಿಲ್ಲ. ಸಿಸ್ಟೀನ್ ಇದ್ದರೆ ಎರಡು ಅಣುಗಳು ಗಂಟು ಹಾಕಿಕೊಳ್ಳುತ್ತವೆ. ಜೆಲ್‌ಗೆ ಯಾವಾಗಲೂ ಬೀಟಾ-ಮರ್ಕ್ಯಾಪ್ಟೋಎಥನಾಲ್ ಹಾಕಿಯೇ ಓಡಿಸುತ್ತಿದ್ದುದರಿಂದ ಆ ಗಂಟು ಬಿಚ್ಚಿಹೋಗಿ ನನಗೆ ಕಾಣಿಸುತ್ತಲೇ ಇರಲಿಲ್ಲ. ಒಂದು ಸಂಜೆ ಬಾಟಲಿ ಖಾಲಿಯಾಗಿ ಅದಿಲ್ಲದೆಯೇ ಓಡಿಸಿದ ಜೆಲ್ಲಿನಲ್ಲಿ, 18ರ ದಪ್ಪ ಪಟ್ಟಿಯ ಮೇಲೆ, ಎರಡು ಪಟ್ಟು ತೂಕದ ಜಾಗದಲ್ಲಿ, ಉಗುರಿನ ಗೀರಿನಷ್ಟು ತೆಳ್ಳಗೆ ಇನ್ನೊಂದು ಪಟ್ಟಿ ಇತ್ತು. ಟಿಎಸಿಯನ್ನು ಟೈರೋಸಿನ್‌ನದೇ ಇನ್ನೊಂದು ಸಂಕೇತವಾದ ಟಿಎಟಿ ಮಾಡಿಸಿದೆವು. ಎರಡು ಪ್ರೈಮರ್ ಮತ್ತು ಸೀಕ್ವೆನ್ಸಿಂಗ್, ಎಲ್ಲ ಸೇರಿ 3,000 ರೂಪಾಯಿ ದಾಟಲಿಲ್ಲ. ಇಡೀ ಮೂರು ವರ್ಷದಲ್ಲಿ ಅಷ್ಟು ಕಡಿಮೆ ಹಣಕ್ಕೆ ಅಷ್ಟು ದೊಡ್ಡ ಲಾಭ ಇನ್ನೊಂದರಲ್ಲಿ ಸಿಗಲಿಲ್ಲ.

ಎರಡನೆಯದು ಪ್ರೋಟೀನನ್ನು ಫ್ರೀಜ್ ಮಾಡಿ ಇಡುವ ರೀತಿ. ಮೈನಸ್ 20ರಲ್ಲಿ ನಿಧಾನವಾಗಿ ಗಡ್ಡೆಕಟ್ಟಿ, ನಿಧಾನವಾಗಿ ಕರಗಿದ ಟ್ಯೂಬುಗಳಲ್ಲಿ ಸಣ್ಣ ಗುಂಪುಗಳು ಆಗಲೇ ಹುಟ್ಟಿರುತ್ತಿದ್ದವು. ಹಾಲಿನಲ್ಲಿ ಮೊದಲೇ ಹುಳಿ ಎಂದೆನಲ್ಲ, ಅದು ಇದು. ದ್ರವ ಸಾರಜನಕದಲ್ಲಿ ಮುಳುಗಿಸಬೇಕು, ಆದರೆ ನಮ್ಮ ಕಾಲೇಜಿನಲ್ಲಿ ಅದಿಲ್ಲ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನುಗಳು ಹಳ್ಳಿ ಹಳ್ಳಿಗೂ ಹೋಗುತ್ತವೆ ಎಂಬುದು ಹೈನು ಸಾಕುವ ಮನೆಯವನಾದ ನನಗೆ ಗೊತ್ತಿತ್ತು. ಪರಿಚಯದ ಪಶುವೈದ್ಯರನ್ನು ಕೇಳಿಕೊಂಡೆ. ಅವರು ತಮ್ಮ ಸರಬರಾಜುದಾರರನ್ನು ಪರಿಚಯಿಸಿದರು. ಮೂರು ಲೀಟರಿನ ಹಳೆಯ ಕ್ಯಾನ್ ಕೊಂಡೆ, ತಿಂಗಳಿಗೆ ಒಮ್ಮೆ ತುಂಬಿಸುವುದಕ್ಕೆ ಪೆಟ್ರೋಲಿಗಿಂತ ಕಡಿಮೆ ಖರ್ಚು. ಕರಗಿಸುವಾಗ ಕೈಯಲ್ಲಿ ಹಿಡಿದು ಬೇಗ ಕರಗಿಸುತ್ತೇವೆ, ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡುವುದಿಲ್ಲ.

ಮೂರನೆಯದೇ ಎಫ್‌ಪಿಎಲ್‌ಸಿಗೆ ನನ್ನ ಉತ್ತರ. ಪ್ರಯೋಗದ ದಿನ ಬೆಳಿಗ್ಗೆ ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಸುಪರ್‌ಡೆಕ್ಸ್ ಕಾಲಂ ಮೇಲೆ ಓಡಿಸಿ ಒಂಟಿ ಅಣುಗಳನ್ನು ಮಾತ್ರ ತೆಗೆಯಬೇಕು ಎಂದು ಹೆಚ್ಚಿನ ವಿಧಾನಗಳಲ್ಲಿ ಇದೆ. ಯಂತ್ರಕ್ಕೆ 30 ಲಕ್ಷ ದಾಟುತ್ತದೆ. ನಾನು 100 ಕಿಲೋಡಾಲ್ಟನ್ನಿನ ಸೆಂಟ್ರಿಫ್ಯೂಜ್ ಸೋಸುಕದಿಂದ ಆ ಕೆಲಸ ಮಾಡಿಸಿದೆ. ಒಂಟಿ ಅಣು ಕೆಳಗಿಳಿಯುತ್ತದೆ, ಗುಂಪುಗಳು ಮೇಲೆ ನಿಲ್ಲುತ್ತವೆ. ಒಂದು ಸೋಸುಕಕ್ಕೆ 800 ರೂಪಾಯಿಯ ಆಸುಪಾಸು. ಇದೂ ಹೊಸದೇನಲ್ಲ, ಹಲವರು ಮಾಡುತ್ತಾರೆ. ಆದರೆ ಸೋಸುವ ಮುಂಚೆ ಪೊರೆಯನ್ನು ಹೇಗೆ ತೊಳೆಯಬೇಕು, ಎಷ್ಟು ವೇಗ, ಮೊದಲ ಎಷ್ಟು ಹನಿಗಳನ್ನು ಚೆಲ್ಲಬೇಕು ಎಂಬುದರಲ್ಲೇ ಎಲ್ಲ ಇದೆ. ವೇಗವನ್ನು ಹೇಳುತ್ತೇನೆ: ಪೊಟ್ಟಣದ ಮೇಲೆ ಬರೆದದ್ದರ ಅರ್ಧಕ್ಕಿಂತ ಕಡಿಮೆ. ಉಳಿದ ಎರಡನ್ನು ನಮ್ಮ ಲೇಖನ ಹೊರಬರುವವರೆಗೆ ಇಟ್ಟುಕೊಳ್ಳುತ್ತೇನೆ, ತಪ್ಪು ತಿಳಿಯಬೇಡಿ. ಬೆಂಗಳೂರಿನಲ್ಲಿ ಯಂತ್ರ ಇರುವ ಗೆಳತಿಯೊಬ್ಬಳಿಗೆ ಈ ರೀತಿ ಸೋಸಿದ ಪ್ರೋಟೀನನ್ನು ಒಯ್ದು ಕೊಟ್ಟೆ. ಅವಳ ಕಾಲಂ ಮೇಲೆ ಒಂದೇ ಶಿಖರ ಬಂತು, ಮುಂದೆ ಹೆಗಲೂ ಇಲ್ಲ, ಹಿಂದೆ ಬಾಲವೂ ಇಲ್ಲ. ಆ ಚಿತ್ರವನ್ನು ಪ್ರಿಂಟ್ ತೆಗೆದು ಸಲೈನ್ ಬಾಟಲಿಯ ಪಕ್ಕದಲ್ಲೇ ಅಂಟಿಸಿದ್ದೇನೆ.

ಇನ್ನು ಅಮೈಲಿನ್. ಹಣ ಹರಿದದ್ದು ಇಲ್ಲಿ. ಇದನ್ನು ಬ್ಯಾಕ್ಟೀರಿಯಾದಲ್ಲಿ ಮಾಡುವ ಗೋಜಿಗೆ ಹೋಗಲಿಲ್ಲ, 37 ಅಮೈನೋ ಆಮ್ಲಗಳ ಪೆಪ್ಟೈಡನ್ನು (ಚಿಕ್ಕ ಪ್ರೋಟೀನನ್ನು) ಕೊಂಡುಕೊಂಡೆ. ಮೊದಲ ಸಲ ಅಗ್ಗವಾಗಿ ಸಿಕ್ಕಿತೆಂದು ಒಬ್ಬ ವ್ಯಾಪಾರಿಯಿಂದ 5 ಮಿಲಿಗ್ರಾಂ ತರಿಸಿದೆ, ಸುಮಾರು 38,000 ರೂಪಾಯಿ. ನಾರಾಗಲು ಅದು ದಿನಗಟ್ಟಲೆ ತೆಗೆದುಕೊಂಡಿತು. ಅರ್ಧ ಗಂಟೆಯಲ್ಲಿ ಗಟ್ಟಿಯಾಗಬೇಕಾದ ಅಮೈಲಿನ್ ಹೀಗೇಕೆ ಎಂದು ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳುಹಿಸಿದರೆ, 3,903ರ ಹತ್ತಿರ ಬರಬೇಕಾದದ್ದು ಮೂರು ಡಾಲ್ಟನ್ ಹೆಚ್ಚು ಬಂತು. ಒಂದು ಡಾಲ್ಟನ್ ಪೆಪ್ಟೈಡಿನ ಬಾಲದ ತುದಿಯ ಅಮೈಡ್ ಗುಂಪು ಇಲ್ಲದ್ದಕ್ಕೆ, ಎರಡು ಡಾಲ್ಟನ್ ಸಿಸ್ಟೀನುಗಳ ನಡುವಿನ ಡೈಸಲ್ಫೈಡ್ ಸೇತುವೆ ಕಟ್ಟದೇ ಬಿಟ್ಟದ್ದಕ್ಕೆ. ಕೊಟ್ಟವನು ಬೇರೆಯೇ ವಸ್ತುವನ್ನು ಕೊಟ್ಟಿದ್ದ. ಹಣ ವಾಪಸು ಬರಲಿಲ್ಲ. ಆರ್ಡರಿನಲ್ಲಿ ಅಮೈಡ್ ಮತ್ತು ಡೈಸಲ್ಫೈಡ್ ಎರಡನ್ನೂ ಬರೆದು, ಮಾಸ್ ವರದಿ ನೋಡಿಯೇ ಹಣ ಕಟ್ಟಿ. ಸರಿಯಾದ ಪೆಪ್ಟೈಡ್ ನನಗೆ ಮಿಲಿಗ್ರಾಮಿಗೆ 20,000ಕ್ಕಿಂತ ಮೇಲೆಯೇ ಬಿತ್ತು. ತೂಕದಲ್ಲಿ ಒಂದು ಪಾಲು ಉಪ್ಪು ಮತ್ತು ನೀರು ಇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸರಿಯಾದ ಪೆಪ್ಟೈಡ್ ಬಂದ ಮೇಲೂ ಮೊದಲ ಸೀಸೆ ಹಾಳಾಯಿತು. ಅದಕ್ಕೆ ಕಾರಣ ಮಂಗಳೂರಿನ ಜುಲೈ. ಹೊರಗೆ ಎಡೆಬಿಡದ ಮಳೆ, ಗೋಡೆಯೇ ಬೆವರುವ ಕಾಲ. ಫ್ರೀಜರಿನಿಂದ ತೆಗೆದ ಸೀಸೆಯ ಮುಚ್ಚಳವನ್ನು ಅವಸರದಲ್ಲಿ ತಣ್ಣಗಿರುವಾಗಲೇ ತೆರೆದೆ. ಹತ್ತಿಯ ಎಳೆಯಂತೆ ಉಬ್ಬಿಕೊಂಡಿದ್ದ ಬಿಳಿ ಪುಡಿ ನನ್ನ ಕಣ್ಣೆದುರಿಗೇ, ಬಾಯಿಗಿಟ್ಟ ಬೊಂಬಾಯಿ ಮಿಠಾಯಿಯಂತೆ ಕುಗ್ಗಿ ಸೀಸೆಯ ತಳಕ್ಕೆ ಅಂಟಿತು. ಮುಗಿಯಿತು. ಆ ತೇವದಲ್ಲೇ ಅಣುಗಳು ಒಂದನ್ನೊಂದು ಹಿಡಿದುಕೊಂಡಾಗಿತ್ತು, ಕರಗಿಸಿದ ದ್ರಾವಣ ಶೂನ್ಯ ನಿಮಿಷದಿಂದಲೇ ಹೊಳೆಯತೊಡಗಿತು. ಈಗ ಸೀಸೆಯನ್ನು ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿ ಕನಿಷ್ಠ ಒಂದೂವರೆ ಗಂಟೆ ಇಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆಯೇ ತೆರೆಯುತ್ತೇವೆ. ಒಂದೇ ದಿನ ಇಡೀ ಸೀಸೆಯನ್ನು ಎಚ್‌ಎಫ್‌ಐಪಿ ಎಂಬ, ಗುಂಪುಗಳನ್ನು ಬಿಡಿಸುವ ದ್ರಾವಕದಲ್ಲಿ ಕರಗಿಸಿ, ಚಿಕ್ಕ ಚಿಕ್ಕ ಪಾಲು ಮಾಡಿ, ಒಣಗಿಸಿ ಇಡುತ್ತೇವೆ. ಎಚ್‌ಎಫ್‌ಐಪಿಯ ಲವಲೇಶ ಉಳಿದರೂ ಅಮೈಲಿನ್ ಹುಚ್ಚೆದ್ದು ಓಡುತ್ತದೆ. ನನ್ನ ಮೊದಲ ‘ಸುಂದರ’ ಗೆರೆಗಳೆಲ್ಲ ಅದರ ಕೊಡುಗೆ ಎಂದು ಆಮೇಲೆ ತಿಳಿಯಿತು. ಒಣಗಿತು ಎಂದು ಕಂಡ ಮೇಲೂ ಇಡೀ ರಾತ್ರಿ ನಿರ್ವಾತದಲ್ಲಿಡಿ.

ಈಗ ಹೆಪ್ಪು. ಅಮೈಲಿನ್ ನಾರು ಬಂದ ಮೇಲೆ ಅದನ್ನು ಸೋನಿಕೇಟ್ ಮಾಡಿ, ಎಂದರೆ ಅಲ್ಟ್ರಾಸಾನಿಕ್ ಶಬ್ದತರಂಗದಿಂದ ಅಲುಗಾಡಿಸಿ, ಚೂರು ಮಾಡುತ್ತೇವೆ, ನಿಮಗೆ ಗೊತ್ತೇ ಇದೆ. ನಾನು ಬಹಳ ಕಾಲ ಆ ಚೂರನ್ನು ಹಾಗೆಯೇ ಸಿನ್ಯೂಕ್ಲಿಯಿನ್‌ಗೆ ಸುರಿಯುತ್ತಿದ್ದೆ. ಗೆರೆ ಮುಂದೆ ಬಂತು, ಎಂದರೆ ಬೇಗ ಏರಿತು, ಕುಣಿದಾಡಿದೆ. ಆಮೇಲೆ ಒಂದು ರಾತ್ರಿ ಹೊಳೆಯಿತು: ಒಂಟಿ ಅಮೈಲಿನ್ ಅಣುಗಳೂ ಸಿನ್ಯೂಕ್ಲಿಯಿನ್ ಜೊತೆ ಸೇರಿ ಗಟ್ಟಿಯಾಗುತ್ತವೆ ಎಂಬುದು ಆ 2016ರ ಲೇಖನದಲ್ಲೇ ಇದೆಯಲ್ಲ! ನನ್ನ ಹೆಪ್ಪಿನಲ್ಲಿ ನಾರಾಗದೆ ಉಳಿದ ಒಂಟಿ ಅಣುಗಳಿದ್ದರೆ ನಾನು ನೋಡುತ್ತಿರುವುದು ಹೆಪ್ಪನ್ನೋ ಬೆರಕೆಯನ್ನೋ? ಉತ್ತರ ನನ್ನ ಬಳಿ ಇರಲಿಲ್ಲ. ಎಂಟು ತಿಂಗಳ ಅಂಕಿಗಳನ್ನು ಬದಿಗಿಟ್ಟೆ. ಅದು ನೋವಿನ ಕೆಲಸ, ಆದರೆ ಅದೇ ಸರಿ. ಈಗ ನಾರುಗಳನ್ನು ಜೋರಾಗಿ ತಿರುಗಿಸಿ ಕೆಳಗಿಳಿಸಿ, ಮೇಲಿನ ತಿಳಿಯನ್ನು ತೆಗೆದು, ಹೊಸ ಬಫರಿನಲ್ಲಿ ಮೂರು ಸಲ ತೊಳೆಯುತ್ತೇವೆ. ಮೂರನೆಯ ತಿಳಿಯಲ್ಲಿ ಪೆಪ್ಟೈಡ್ ಇಲ್ಲವೆಂದು ಖಾತರಿಯಾದ ಮೇಲೆಯೇ ಚೂರು ಮಾಡುತ್ತೇವೆ. ಸೋನಿಕೇಟರಿನ ಕಡ್ಡಿಯನ್ನು ನೇರ ಮುಳುಗಿಸಿದರೆ ಬಿಸಿಯಾಗುತ್ತದೆ, ಲೋಹದ ಕಣವೂ ಉದುರುತ್ತದೆ. ಕನ್ನಡಕದ ಅಂಗಡಿಯವರು ಬಳಸುವಂತಹ ಸಣ್ಣ ಅಲ್ಟ್ರಾಸಾನಿಕ್ ತೊಟ್ಟಿಗೆ ಐಸ್ ಹಾಕಿ, ಟ್ಯೂಬನ್ನು ಅದರಲ್ಲಿ ತೇಲಿಬಿಟ್ಟೆ. 4,000 ರೂಪಾಯಿಯ ತೊಟ್ಟಿ. ಹೆಪ್ಪನ್ನು ಹಾಕುವ ಕ್ಷಣದಲ್ಲಿ ಟ್ಯೂಬನ್ನು ಬೆರಳಿನಿಂದ ತಟ್ಟಿ ಕದಡಬೇಕು, ಇಲ್ಲವಾದರೆ ಮೊದಲ ಗುಳಿಗೆ ತಿಳಿ, ಕೊನೆಯ ಗುಳಿಗೆ ಗಸಿ.

ಹೆಪ್ಪಿನ ಪರಿಣಾಮ ಬರೀ ವಿದ್ಯುದಾವೇಶದ ಆಟವಲ್ಲವೇ ಎಂದು ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ, ಅಮೈಲಿನ್ ಧನ, ಸಿನ್ಯೂಕ್ಲಿಯಿನ್‌ನ ಬಾಲ ಋಣ. ಅದಕ್ಕೆ ಕೋಳಿಮೊಟ್ಟೆಯ ಲೈಸೋಜೈಮ್‌ನಿಂದ ಧನಾವೇಶದ ನಾರು ಮಾಡಿದೆ. ಪಿಎಚ್ 2, 65 ಡಿಗ್ರಿ, ಒಂದು ವಾರ. ಆ ಹೆಪ್ಪಿಗೆ ಗೆರೆ ಸ್ವಲ್ಪ ಮುಂದೆ ಬಂತು, ಅಮೈಲಿನ್ ಹೆಪ್ಪಿನ ಹತ್ತಿರಕ್ಕೂ ಬರಲಿಲ್ಲ. ಇಲಿಯ ಅಮೈಲಿನ್ ಕೂಡ ಹಾಕಿ ನೋಡಿದೆ. ಅದರಲ್ಲಿ ನಾರಿನ ಹೆಣಿಗೆಯನ್ನು ಮುರಿಯುವ ಮೂರು ಪ್ರೋಲೀನ್ ಅಮೈನೋ ಆಮ್ಲಗಳಿವೆ, ನಾರಾಗುವುದೇ ಇಲ್ಲ. ಗೆರೆ ಅಲುಗಲಿಲ್ಲ.

ಪ್ಲೇಟಿನ ಕಥೆಗೆ ಬರೋಣ. ನಮ್ಮ ಕಡೆಯ ಚೆನ್ನೆಮಣೆಗೆ 14 ಗುಳಿ, ಇದಕ್ಕೆ 96. ಸಿನ್ಯೂಕ್ಲಿಯಿನ್ ಸುಮ್ಮನೆ ಬಿಟ್ಟರೆ ವಾರಗಟ್ಟಲೆ ಹಾಗೆಯೇ ಇರುತ್ತದೆ, ಅಲುಗಾಡಿಸಲೇಬೇಕು, ಗುಳಿಗೊಂದು 2 ಮಿಲಿಮೀಟರಿನ ಗಾಜಿನ ಮಣಿ ಬೇಕು. ಮಣಿಗಳನ್ನು ಆಮ್ಲದಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಹತ್ತು ಸಲ ಜಾಲಿಸಿ, ಚಿಮುಟದಿಂದ ಒಂದೊಂದಾಗಿ ಹಾಕುತ್ತೇವೆ. ಒಮ್ಮೆ ಒಂದು ಗುಳಿ ಮಾತ್ರ 60 ಗಂಟೆ ಏರದೆ ಉಳಿಯಿತು. ತೆರೆದು ನೋಡಿದರೆ ಅದರಲ್ಲಿ ಮಣಿಯೇ ಇರಲಿಲ್ಲ, ಪಕ್ಕದ ಗುಳಿಯಲ್ಲಿ ಎರಡಿದ್ದವು. ಅಂಚಿನ ಗುಳಿಗಳಲ್ಲಿ ಬರೀ ನೀರು ತುಂಬುತ್ತೇವೆ, ಆವಿಯಾಗುವುದು ಅಲ್ಲೇ ಮೊದಲು. ಪ್ರೋಟೀನು ಅಂಟದ ಮೇಲ್ಮೈಯ ಪ್ಲೇಟನ್ನೇ ಕೊಳ್ಳಿ, ಒಂದಕ್ಕೆ 1,200 ಬೀಳುತ್ತದೆ. ಅಗ್ಗದ ಪ್ಲೇಟಿನಲ್ಲಿ ಹಣ ಉಳಿಸಲು ಹೋಗಿ ನಾನು ಒಂದು ಮಿಲಿಗ್ರಾಂ ಅಮೈಲಿನ್ ಕಳೆದುಕೊಂಡೆ. ಮಣಿಗೂ ಮುಂಚೆ ಗುಳಿಗಳಿಗೆ ನಾವು ಇನ್ನೊಂದು ಸಣ್ಣ ಉಪಚಾರ ಮಾಡುತ್ತೇವೆ. ಗೆರೆಗಳು ಒಂದರ ಮೇಲೊಂದು ಕೂರತೊಡಗಿದ್ದು ಅದರ ಮೇಲೆಯೇ. ಅದನ್ನೂ ಸದ್ಯಕ್ಕೆ ಬರೆಯುವುದಿಲ್ಲ.

ಗುಳಿಗಳ ಹೊಳಪನ್ನು ಓದುವ ಯಂತ್ರ, ಪ್ಲೇಟ್ ರೀಡರ್, ನಮ್ಮದಲ್ಲ. ಗಂಟೆಗೆ 300 ರೂಪಾಯಿ ಬಾಡಿಗೆಯಂತೆ 60 ಗಂಟೆಗೆ 18,000 ಆಗುತ್ತಿತ್ತು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಯಾರೂ ಬಳಸದ ಸಮಯಕ್ಕೆ ಪ್ಲೇಟಿಗೆ 2,500ರಂತೆ ಒಪ್ಪಿಸಿದೆ. ಎರಡು ವರ್ಷದಿಂದ ನನ್ನ ಶನಿವಾರ-ಭಾನುವಾರಗಳು ಆ ಯಂತ್ರದ ಪಕ್ಕದಲ್ಲಿವೆ. ಮೇ ತಿಂಗಳ ಗುಡುಗಿಗೆ ಕರೆಂಟು ಮಿಟುಕಿದರೆ ಯುಪಿಎಸ್ ಯಂತ್ರವನ್ನು ಹಿಡಿದುಕೊಂಡರೂ ಕಂಪ್ಯೂಟರ್ ಮಲಗುತ್ತಿತ್ತು, 41ನೆಯ ಗಂಟೆಯಲ್ಲಿ ಒಂದು ಇಡೀ ಓಟ ಹಾಗೆ ಹೋಯಿತು. ಮರುದಿನವೇ ನನ್ನ ಸ್ವಂತ ಲ್ಯಾಪ್‌ಟಾಪ್ ಜೋಡಿಸಿದೆ.

ಅರಿಶಿನದ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಮ್ಮ ಅನೇಕ ಪ್ರಯೋಗಾಲಯಗಳು ಗಿಡಮೂಲಿಕೆಯ ಸಾರಗಳನ್ನು ಥಯೋಫ್ಲೇವಿನ್ ಪರೀಕ್ಷೆಗೆ ಹಾಕಿ ‘ಶೇಕಡಾ 80 ತಡೆ’ ಎಂದು ಬರೆಯುತ್ತಿವೆ. ಪಕ್ಕದ ವಿಭಾಗದವರ ಒತ್ತಾಯಕ್ಕೆ ಅರಿಶಿನದ ಹಳದಿ ವಸ್ತುವಾದ ಕರ್ಕ್ಯುಮಿನ್ ಹಾಕಿದೆ. ಗೆರೆ ಧೊಪ್ಪನೆ ಬಿತ್ತು. ಎಲ್ಲರಿಗೂ ಸಂತೋಷ. ನಾನು ಅದೇ ಗುಳಿಗಳ ದ್ರಾವಣವನ್ನು ತಿರುಗಿಸಿ, ಕೆಳಗೆ ಎಷ್ಟು ಪ್ರೋಟೀನು ಇಳಿಯಿತು, ಮೇಲೆ ಎಷ್ಟು ಉಳಿಯಿತು ಎಂದು ಜೆಲ್ ಮೇಲೆ ಓಡಿಸಿದೆ. ಕರ್ಕ್ಯುಮಿನ್ ಇದ್ದ ಗುಳಿಗೂ ಇಲ್ಲದ ಗುಳಿಗೂ ವ್ಯತ್ಯಾಸ ಕಾಣಲಿಲ್ಲ. ನಾರು ಆಗಿಯೇ ಇತ್ತು, ಬೆಳಕು ಮಾತ್ರ ಸತ್ತಿತ್ತು. ಥಯೋಫ್ಲೇವಿನ್ ಹೀರಬೇಕಾದ ನೀಲಿಯನ್ನು ಕರ್ಕ್ಯುಮಿನ್ ತಾನೇ ಹೀರುತ್ತದೆ, ನಾರಿನ ಮೇಲಿನ ಜಾಗವನ್ನೂ ಆಕ್ರಮಿಸುತ್ತದೆ. ಬಣ್ಣವಿರುವ ಯಾವ ಸಾರವನ್ನು ಪರೀಕ್ಷಿಸಿದರೂ ಈ ಜೆಲ್ ಇಲ್ಲದೆ ಫಲಿತಾಂಶ ಬರೆಯಬೇಡಿ. ರೋಗಿಗಳ ಮನೆಯವರು ನಾವು ಬರೆದದ್ದನ್ನು ಓದುತ್ತಾರೆ, ಅದರ ಮೇಲೆ ಹಣ ಸುರಿಯುತ್ತಾರೆ.

ಹಾಗೆಯೇ ಮದುವೆ ಮನೆಗಳಲ್ಲಿ ನನ್ನನ್ನು ಕೇಳುವ ಪ್ರಶ್ನೆ: ಸಕ್ಕರೆ ಕಾಯಿಲೆಯ ಔಷಧದಿಂದ ಪಾರ್ಕಿನ್ಸನ್ ನಿಲ್ಲುತ್ತದೆಯೇ? ಎಕ್ಸೆನಟೈಡ್ ಎಂಬ ಅಂಥ ಔಷಧದ ಮೇಲೆ 2017ರಲ್ಲಿ ಬಂದ ಚಿಕ್ಕ ಪ್ರಯೋಗ ಆಸೆ ಹುಟ್ಟಿಸಿತ್ತು, 2025ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಅದನ್ನೇ ಹೇಳುತ್ತೇನೆ. ನನ್ನ ಗುಳಿಗಳಲ್ಲಿ ನಡೆಯುವುದು ಮಿದುಳಿನಲ್ಲೂ ಹಾಗೆಯೇ ನಡೆಯುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ.

ಮೀನಿನ ಪ್ರಯೋಗ ಮಾತ್ರ ಶುದ್ಧ ಆಸೆಯಿಂದ ಮಾಡಿದ್ದು. ಅದೇ ಗೋಥೆನ್‌ಬರ್ಗ್ ತಂಡ 2018ರಲ್ಲಿ ಕಾಡ್ ಮೀನಿನ ಮಾಂಸದ ಪಾರ್ವಾಲ್ಬುಮಿನ್ ಎಂಬ ಪ್ರೋಟೀನು ತಾನು ನಾರಾಗಿ ಸಿನ್ಯೂಕ್ಲಿಯಿನ್ ಅಣುಗಳನ್ನು ಹಿಡಿದುಕೊಂಡು ಅವು ನಾರಾಗದಂತೆ ತಡೆಯುತ್ತದೆ ಎಂದು ತೋರಿಸಿತ್ತು. ಮೀನು ತಿನ್ನುವ ಊರಿನವನು ನಾನು, ಬಿಡುವುದು ಹೇಗೆ? ಬೆಳಿಗ್ಗೆ ಐದೂವರೆಗೆ ಮೀನುಗಾರಿಕೆ ಧಕ್ಕೆಗೆ ಹೋಗಿ ಬಂಗುಡೆ ತಂದೆ. ಕೆಂಪು ಮಾಂಸ ಹೆಚ್ಚು, ಪಾರ್ವಾಲ್ಬುಮಿನ್ ಕಡಿಮೆ, ಜೆಲ್ ಮೇಲೆ ಮಸುಕು ಪಟ್ಟಿ. ಆಮೇಲೆ ಕೆರೆಯ ಕಾಟ್ಲಾ ತಂದು ಬಿಳಿ ಮಾಂಸವನ್ನು ಮಾತ್ರ ಅರೆದು ಸೋಸಿ ಕುದಿಸಿದೆ. ಸಿನ್ಯೂಕ್ಲಿಯಿನ್‌ನಂತೆಯೇ ಇದೂ ಕುದಿಯನ್ನು ತಡೆದುಕೊಳ್ಳುತ್ತದೆ. ತಿಳಿಯಲ್ಲಿ 12 ಕಿಲೋಡಾಲ್ಟನ್ನಿನ ಹತ್ತಿರ ದಪ್ಪ ಪಟ್ಟಿ ಉಳಿಯಿತು. ಇಡಿಟಿಎ ಹಾಕಿ ಅದರ ಕ್ಯಾಲ್ಸಿಯಂ ಕಿತ್ತುಕೊಂಡರೆ ಥಯೋಫ್ಲೇವಿನ್ ಹೊಳೆಯಿತು. ಆ ನಾರು ಬೆರೆಸಿದ ಸಿನ್ಯೂಕ್ಲಿಯಿನ್ ಗುಳಿಗಳು ಎರಡೂ ಸಲ ಚಪ್ಪಟೆಯಾಗಿ ಉಳಿದವು. ಎರಡೇ ಸಲ ಮಾಡಿದ್ದು, ಶುದ್ಧೀಕರಣವೂ ಅರ್ಧ. ಪ್ರಕಟಿಸುವ ಮಟ್ಟದ್ದಲ್ಲ. ಒಟ್ಟು ಖರ್ಚು 340 ರೂಪಾಯಿ.

ಕೊನೆಗೆ ಆ ನಾಲ್ವರಲ್ಲಿ ಒಬ್ಬರ ಜೊತೆ ನಡೆದದ್ದು. ನಮ್ಮ ವಿಭಾಗದವರೇ, ನೇರ ಮನುಷ್ಯ, ಅವರ ಅನುಮಾನದಲ್ಲಿ ಕೆಟ್ಟತನ ಇರಲಿಲ್ಲ. ನೀವೇ ಹಾಕಿ ಎಂದೆ. ನಾಲ್ಕು ಟ್ಯೂಬುಗಳನ್ನು ಕೊಟ್ಟೆ: ಬರೀ ಬಫರ್, ಅಮೈಲಿನ್ ಹೆಪ್ಪು, ಲೈಸೋಜೈಮ್ ಹೆಪ್ಪು, ಇಲಿಯ ಅಮೈಲಿನ್. ಅವರು ನನ್ನನ್ನು ಹೊರಗೆ ಕಳುಹಿಸಿ, ಹನ್ನೆರಡು ಗುಳಿಗಳಲ್ಲಿ ತಮಗೆ ಬೇಕಾದ ಕ್ರಮದಲ್ಲಿ ಹಂಚಿ, ಕ್ರಮವನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರು. ಸೋಮವಾರ ಬೆಳಿಗ್ಗೆ ಇಬ್ಬರೂ ಪರದೆಯ ಮುಂದೆ ನಿಂತೆವು. ಮೂರು ಗೆರೆಗಳು 8 ಗಂಟೆಯ ಆಸುಪಾಸಿನಲ್ಲಿ ಒಟ್ಟಿಗೇ ಎದ್ದಿದ್ದವು. ಮೂರು 15ರ ಹತ್ತಿರ. ಉಳಿದ ಆರು 18ರಿಂದ 20ರ ನಡುವೆ, ಒಂದು ಜಡೆಯಂತೆ ಹೆಣೆದುಕೊಂಡು. ಹೆಪ್ಪಿನ ನಾರುಗಳದ್ದೇ ಹೊಳಪನ್ನು ಕಳೆಯುವ ಮುಂಚೆಯೇ ಅಷ್ಟು ಸ್ಪಷ್ಟವಾಗಿತ್ತು. ಬಿ3, ಡಿ6, ಎಫ್4 ಇವು ಅಮೈಲಿನ್ ಹೆಪ್ಪು ಎಂದೆ. ಅವರು ಚೀಟಿ ತೆಗೆದು ನೋಡಿದರು, ಮತ್ತೆ ಪರದೆ ನೋಡಿದರು. ‘ಇನ್ನೊಂದು ಸಲ ಮಾಡೋಣ’ ಎಂದರು. ಮುಂದಿನ ವಾರವೂ ಮಾಡಿದೆವು, ಅವರೇ ಪ್ಲೇಟಿನ ಬಾಡಿಗೆ ಕೊಟ್ಟರು. ಈಗ ನಮ್ಮ ಲೇಖನದಲ್ಲಿ ಅವರ ಹೆಸರೂ ಇದೆ.

ಉಲ್ಟಾ ದಿಕ್ಕೂ ಸರಿಯಾಗಿ ಬಂದಿದೆ: ಸಿನ್ಯೂಕ್ಲಿಯಿನ್ ನಾರು ಹಾಕಿದರೆ ಅಮೈಲಿನ್ ತಡವಾಗುತ್ತದೆ. ಆದರೆ ಇದರಲ್ಲಿ ಗೆರೆಗಳು ಇನ್ನೂ ಅಷ್ಟು ಒಟ್ಟಿಗೆ ಕೂರುವುದಿಲ್ಲ. ಅಮೈಲಿನ್ ಅಷ್ಟು ಬೇಗ ಓಡುತ್ತದೆ ಎಂದರೆ, ಪ್ಲೇಟನ್ನು ಯಂತ್ರದೊಳಗಿಟ್ಟು ಬಾಗಿಲು ಮುಚ್ಚುವಷ್ಟರಲ್ಲಿ ಮೊದಲ ಗುಳಿಗೂ ಕೊನೆಯ ಗುಳಿಗೂ ನಾಲ್ಕು ನಿಮಿಷ ವ್ಯತ್ಯಾಸವಾಗಿರುತ್ತದೆ. ಎಂಟು ಬಾಯಿಯ ಪಿಪೆಟ್ ಬೇಕು, ಒಳ್ಳೆಯದಕ್ಕೆ 35,000.

ಎಲ್ಲ ಕೂಡಿಸಿದರೆ ಮೂರು ವರ್ಷಕ್ಕೆ ಸುಮಾರು ಆರೂವರೆ ಲಕ್ಷ ಖರ್ಚಾಗಿದೆ. ನಾಲ್ಕು ಲಕ್ಷ ಕಾಲೇಜಿನದು, ಒಂದೂಮುಕ್ಕಾಲು ಲಕ್ಷ ಒಂದು ಸಣ್ಣ ಯೋಜನೆಯದು, ಉಳಿದದ್ದು ನನ್ನ ಸಂಬಳದ್ದು. ಪ್ರೊ-ಅಮೈಲಿನ್ ಇನ್ನೂ ಮುಟ್ಟಿಲ್ಲ. 67 ಅಮೈನೋ ಆಮ್ಲಗಳನ್ನು ಸಂಶ್ಲೇಷಣೆ ಮಾಡಿಸಿ ಕೊಳ್ಳುವ ಶಕ್ತಿ ನಮಗಿಲ್ಲ, ಹಾಗಾಗಿ ಅದನ್ನು ಬ್ಯಾಕ್ಟೀರಿಯಾದಲ್ಲೇ ಬೆಳೆಸಲು ಕಳೆದ ತಿಂಗಳು ಶುರು ಮಾಡಿದ್ದೇವೆ. ಮೊದಲ ಜೆಲ್ಲಿನಲ್ಲಿ ಏನೂ ಬರಲಿಲ್ಲ. ಎರಡನೆಯದರಲ್ಲಿ, 8 ಕಿಲೋಡಾಲ್ಟನ್ನಿನ ಸ್ವಲ್ಪ ಕೆಳಗೆ, ಏನೋ ಒಂದು ಮಸುಕಾಗಿ ಇದೆ. ಈ ಸಲ ಬೀಟಾ-ಮರ್ಕ್ಯಾಪ್ಟೋಎಥನಾಲ್ ಹಾಕಿದ್ದು ಒಂದು, ಹಾಕದ್ದು ಒಂದು, ಎರಡನ್ನೂ ಪಕ್ಕ ಪಕ್ಕದಲ್ಲೇ ಓಡಿಸಿದ್ದೇವೆ.